ಹರಿಯಲೆಂದೇ ಕಟ್ಟಿದ ಎಳೆಗಳು

ಅಲ್ಲ, ಗಾಳಿ ಇತ್ತು ಎಂದು ಬರೆದರೆ ತಪ್ಪಾದೀತು. ನನ್ನ ನೆನಪಿನಲ್ಲಿ ಆ ಬಿಳಿ ಎಳೆಗಳೆಲ್ಲ ಗಾಳಿಗೆ ಒಂದೇ ಸಮನೆ ಮಿಡಿಯುತ್ತಿವೆ, ಅವುಗಳ ನಡುವೆ ನೀಲವ್ವತ್ತೆಯ ಕೈ ಮಾತ್ರ ಒಂದಿಷ್ಟೂ ಅಲುಗಾಡುತ್ತಿಲ್ಲ. ನೋಡಲು ಚಂದ. ಚಂದ ಇರುವುದರಿಂದಲೇ ನನಗೆ ಅನುಮಾನ. ಶಾಂತಾಬಾಯಿ ಟೀಚರನ್ನು ಕೇಳಿದರೆ, ಅವತ್ತು ಬೇವಿನ ಎಲೆ ಸಹ ಅಲುಗಾಡಲಿಲ್ಲ, ಸೆಕೆಗೆ ತಮ್ಮ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು, ಅಲ್ಲಿ ನಡುಗುತ್ತಿದ್ದದ್ದು ನೀಲಾಳ ಕೈ ಒಂದೇ ಎನ್ನುತ್ತಾರೆ. ಇಬ್ಬರೂ ಒಂದೇ ಜಾಗದಲ್ಲಿ ನಿಂತು ಒಂದನ್ನೇ ನೋಡಿದವರು. ಹಾಗಾಗಿ ಮುಂದೆ ಬರೆಯುವುದನ್ನು ಓದುಗರು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಬೇಕು.

ಖಾತ್ರಿ ಇರುವುದನ್ನು ಮೊದಲು ಹೇಳುತ್ತೇನೆ. ಹೋದ ವರ್ಷದ ದೀಪಾವಳಿ ಮುಗಿದು, ಸಕ್ಕರೆ ಕಾರ್ಖಾನೆಗಳು ಶುರುವಾಗಿದ್ದವು. ಒಂದು ಭಾನುವಾರ ನಾವು ಮೂವರು ಬನಹಟ್ಟಿಯಿಂದ ಹೊರಟು, ಜಮಖಂಡಿ ದಾಟಿ ಮುಧೋಳದ ಕಡೆ ಹೋಗುವ ದಾರಿಯಲ್ಲಿ ಹೊಸದಾಗಿ ತೆರೆದಿದ್ದ ಆಧುನಿಕ ಕಲೆಯ ಮ್ಯೂಸಿಯಂ ನೋಡಲು ಹೋದೆವು. ಹಳೆಯ ಹತ್ತಿ ಜಿನ್ನಿನ ಕಟ್ಟಡವನ್ನು ಸುಣ್ಣ ಬಳಿದು ಮ್ಯೂಸಿಯಂ ಮಾಡಿದ್ದರು. ಅದರ ಹಿಂದೆ ಬಯಲಿನಲ್ಲಿ ಶಿಲ್ಪಗಳ ತೋಟ. ನಾನು ಜಮಖಂಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪಾಸುಗಳು ಗ್ರಂಥಾಲಯಕ್ಕೆ ಬಂದಿದ್ದವು, ಯಾರೂ ಕೇಳಿರಲಿಲ್ಲ.

ನೀಲವ್ವ ನನ್ನ ಅಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇರುತ್ತಾಳೆ. ನಲವತ್ತು ವರ್ಷ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಡುವ ಕುಣಿಮಗ್ಗದಲ್ಲಿ ಕೂತು ನೇಯ್ದವಳು. ಅದಕ್ಕಿಂತ ಹೆಚ್ಚಾಗಿ ಕೆಚ್ಚುವುದರಲ್ಲಿ ಓಣಿಗೆಲ್ಲ ಹೆಸರು. ಹಳೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಿ ಹೊಸೆಯುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಎರಡು ತುದಿ ಕೂಡಿಸಿ, ಒಂದು ತಿರುವು. ಗಂಟು ಹಾಕುವುದಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಸಾವಿರಾರು ಎಳೆ. ಅತ್ತೆ ಅದನ್ನು ಟೀವಿ ನೋಡುತ್ತ ಮಾಡುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಅವಳ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಗುಳಿಗೆ ಕೊಟ್ಟರು, ವಯಸ್ಸು ಎಂದರು. ಒಂದು ವರ್ಷ ತಡೆದಳು. ಒಂದು ದಿನ ತಾನೇ ಮಗ್ಗ ಬಿಚ್ಚಿಸಿ, ಕುಣಿ ಮುಚ್ಚಿಸಿ, ಮೇಲೆ ಟೈಲ್ಸ್ ಹಾಕಿಸಿದಳು. ಈಗ ಅಲ್ಲಿ ಫ್ರಿಜ್ ಇದೆ. ನಾವು ಬೇಡ ಎಂದೆವು. “ಕೈ ಸತ್ತ ಮ್ಯಾಲ ಮಗ್ಗ ಯಾಕೋ ಮನ್ಯಾಗ, ಅದರ ಮಾರಿ ನೋಡ್ಕೊಂತ ಕುಂಡ್ರಲೇನು” ಎಂದಳು. ಅಂದಿನಿಂದ ನೂಲು ಮುಟ್ಟಲಿಲ್ಲ. ಪಕ್ಕದ ಶೆಡ್ಡಿನ ಪವರ್‌ಲೂಮ್ ಸದ್ದು ಜೋರಾದರೆ ಕಿಟಕಿ ಹಾಕುತ್ತಿದ್ದಳು. ಮಂದಿ ಎದುರು ಚಹಾ ಸಹ ಕುಡಿಯುತ್ತಿರಲಿಲ್ಲ. ಕಪ್ಪು ಬಶಿ ಕಟಕಟ ಎನ್ನುತ್ತವೆ ಎಂದು ಅಡುಗೆಮನೆಯಲ್ಲಿ ಗೋಡೆಯ ಕಡೆ ತಿರುಗಿ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದಳು.

ಶಾಂತಾಬಾಯಿ ಎದುರು ಮನೆಯವರು, ಕನ್ನಡ ಸಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರೂ ಅತ್ತೆಯೂ ನಾಲ್ಕನೇ ಇಯತ್ತೆಯ ತನಕ ಒಂದೇ ಪಾಟಿ ಹಂಚಿಕೊಂಡು ಓದಿದವರು. ಆಮೇಲೆ ಅತ್ತೆ ಮಗ್ಗಕ್ಕೆ ಹೋದಳು, ಅವರು ಹೈಸ್ಕೂಲಿಗೆ ಹೋದರು. ಮೂರು ಪಾಸು ಇವೆ ಎಂದಾಗ ನನ್ನ ಹೆಂಡತಿ ಈ ಇಬ್ಬರನ್ನೂ ನನ್ನ ಜೊತೆ ಕಳಿಸಿದಳು. ಅತ್ತೆ ಒಲ್ಲೆ ಎಂದಳು. ಶಾಂತಾಬಾಯಿ ಮಾತ್ರ, “ಬಾ ಬೇ ನೀಲಾ, ಗ್ವಾಡಿ ನೋಡ್ಕೊಂತ ಕುಂಡ್ರೂದ ಇದ್ರ ಅಲ್ಲೀ ಗ್ವಾಡಿ ನೋಡ, ಅವಕ್ಕ ಬಣ್ಣರ ಹಚ್ಚಿರ್ತಾರ” ಎಂದು ಎಬ್ಬಿಸಿಕೊಂಡು ಬಂದರು.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಹಾಡು ಹಚ್ಚಿಕೊಂಡು, ಎರಡೆರಡು ಟ್ರೇಲರು ಎಳೆದುಕೊಂಡು, ಯಾರಿಗೂ ದಾರಿ ಬಿಡದೆ ಹೋಗುತ್ತಿದ್ದವು. ಜಮಖಂಡಿಯಲ್ಲಿ ಬಸ್ಸು ಇಳಿದು ಟಂಟಂ ಆಟೋ ಹಿಡಿದು ಮುಟ್ಟುವಷ್ಟರಲ್ಲಿ ಹನ್ನೆರಡು ಆಗಿತ್ತು. ಅಥವಾ ಹನ್ನೊಂದೂವರೆ.

ಮೊದಲು ತೋಟಕ್ಕೇ ಹೋದೆವು. ಕಾವಲಿಗೆ ಸಿದ್ದಪ್ಪ ಎಂಬವನಿದ್ದ. ನಲವತ್ತೈದರ ಆಳು, ತುಬಚಿಯವನು. ಖಾಕಿ ಅಂಗಿಯ ಮೇಲೆ ಟವೆಲ್ಲು. ಅವನಿಗೆ ಶಿಲ್ಪಗಳಿಗಿಂತ ಬೇಲಿ ಹಾರಿ ಬರುವ ಆಡುಗಳದ್ದೇ ಚಿಂತೆ. ಒಳಗೆ ಕಾಲಿಡುತ್ತಲೇ ಸೈಕಲ್ ಚೈನುಗಳಿಂದ ಮಾಡಿದ ಒಂದು ಮುಧೋಳ ನಾಯಿ ನಿಂತಿತ್ತು. ಓಡಲು ಹೊರಟಂತೆ, ನನ್ನೆತ್ತರ. ನನಗೆ ಬಹಳ ಹಿಡಿಸಿತು. ಶಾಂತಾಬಾಯಿ ಅದರ ಸುತ್ತ ಒಂದು ಸುತ್ತು ಬಂದು, ಖರೇ ಮುಧೋಳ ನಾಯಿಯ ಹೊಟ್ಟೆ ಹೀಗಿರುವುದಿಲ್ಲ, ಇದಕ್ಕೆ ಯಾರೋ ಜಗ್ಗಿ ಊಟ ಹಾಕಿದ್ದಾರೆ ಎಂದರು.

ಅದರಾಚೆ ಒಂದು ಬಾಗಿಲ ಚೌಕಟ್ಟು. ಗೋಡೆಯಿಲ್ಲ, ಮನೆಯಿಲ್ಲ, ಬಯಲಲ್ಲಿ ಬರೀ ಚೌಕಟ್ಟು ಮತ್ತು ಹೊಸ್ತಿಲು. ಬೀಳಗಿ ಕಡೆ ಹಿನ್ನೀರಿನಲ್ಲಿ ಮುಳುಗಿದ ಊರಿನ ಯಾರದೋ ಮನೆಯದ್ದಂತೆ. ಅದರ ಪಕ್ಕದಿಂದ ಆರಾಮಾಗಿ ನಡೆದು ಹೋಗಬಹುದಿತ್ತು. ಆದರೆ ಮುಂದೆ ಹತ್ತಿಪ್ಪತ್ತು ಜೋಡಿ ಚಪ್ಪಲಿ ಬಿಟ್ಟಿದ್ದರು. ಬಂದವರೆಲ್ಲ ಚಪ್ಪಲಿ ಬಿಟ್ಟು, ಹೊಸ್ತಿಲು ತುಳಿಯದೆ ಬಲಗಾಲಿಟ್ಟು ದಾಟಿ, ಆ ಕಡೆ ಹೋಗಿ, ಆಮೇಲೆ ಚಪ್ಪಲಿಗಾಗಿ ಸುತ್ತು ಹಾಕಿ ಬರುತ್ತಿದ್ದರು. ಹೊಸ್ತಿಲಿಗೆ ಯಾರೋ ಕುಂಕುಮ ಹಚ್ಚಿದ್ದರು. ಮೊದಮೊದಲು ತಡೆದೆ, ಈಗ ಬಿಟ್ಟಿದ್ದೇನೆ ಎಂದ ಸಿದ್ದಪ್ಪ. ಅತ್ತೆ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, “ಕಟ್ಟಿಗಿ ಒಣಗಿ ಬಿರಿಯಾಕತ್ತೈತಿ, ಒಂದೀಟು ಎಣ್ಣಿ ಹಚ್ಚೋ ತಮ್ಮಾ” ಎಂದಳು. ಅವನು ತಲೆ ಅಲ್ಲಾಡಿಸಿದ. ಹಚ್ಚುವುದು ನಮ್ಮ ಕೈಲಿಲ್ಲ ಎಂದೋ, ಹಚ್ಚುತ್ತೇನೆ ಎಂದೋ, ತಿಳಿಯಲಿಲ್ಲ.

ಆಮೇಲೆ ಒಳಗೆ ಹೋಗಿ ಚಿತ್ರ ನೋಡೋಣ ಎಂದಾಗ ಅತ್ತೆ ಬರಲಿಲ್ಲ. ಕಾಲು ನೋಯುತ್ತಿವೆ, ಬೇವಿನ ಗಿಡದ ಬುಡದಲ್ಲಿ ಕೂತಿರುತ್ತೇನೆ ಎಂದಳು. ತನ್ನ ಕೈಚೀಲವನ್ನು ನನ್ನ ಹೆಗಲಿಗೆ ಹಾಕಿದಳು. ಈ ಚೀಲದ ಮಾತು ಮುಂದೆ ಬರುತ್ತದೆ. ನಾನೂ ಶಾಂತಾಬಾಯಿಯೂ ಒಳಗೆ ಹೋದೆವು.

ಒಳಗೆ ಎಷ್ಟು ಹೊತ್ತು ಇದ್ದೆವು? ನನಗೆ ಅರ್ಧ ತಾಸು ಎನಿಸಿತ್ತು. ಒಂದೂವರೆ ತಾಸು ಆಗಿತ್ತು. ಶಾಂತಾಬಾಯಿ ಪ್ರತಿ ಚಿತ್ರದ ಕೆಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿ, ಎರಡು ಹೆಜ್ಜೆ ಹಿಂದೆ ಸರಿದು, ಪೇಪರು ತಿದ್ದುವವರ ಹಾಗೆ ನೋಡುತ್ತಿದ್ದರು. ಪೂರಾ ಕಪ್ಪು ಬಳಿದು ಮೂಲೆಯಲ್ಲಿ ಒಂದೇ ಕೆಂಪು ಗೆರೆ ಎಳೆದ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಇದಕ್ಕೆ ಮಾರ್ಕು ಕೊಡಲು ಬರುವುದಿಲ್ಲ, ಆದರೆ ಈ ಹುಡುಗನನ್ನು ನಪಾಸೂ ಮಾಡಲು ಬರುವುದಿಲ್ಲ ಎಂದರು. ನಾನು ಅಷ್ಟು ಖುಷಿಯಾಗಿ ಚಿತ್ರ ನೋಡಿದ ದಿನ ಇನ್ನೊಂದಿಲ್ಲ.

ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಅತ್ತೆ ಇರಲಿಲ್ಲ.

ಗಿಡದ ಆಚೆ, ನಾವು ಬರುವಾಗ ಗಮನಿಸದ ಒಂದು ಕೃತಿ ಇತ್ತು. ಎದುರುಬದುರು ಎರಡು ದೊಡ್ಡ ಕಬ್ಬಿಣದ ಚೌಕಟ್ಟು, ನಡುವೆ ಇಪ್ಪತ್ತಡಿ ಜಾಗ. ಒಂದರಿಂದ ಒಂದಕ್ಕೆ ಬಿಳಿ ಹತ್ತಿ ಎಳೆಗಳನ್ನು ಬಿಗಿದಿದ್ದರು. ಸೊಂಟದಿಂದ ತಲೆಯ ಎತ್ತರದವರೆಗೆ, ನೂರಾರು. ನೋಡಿದರೆ ಬಯಲಲ್ಲಿ ಯಾರೋ ಹಾಸು ಹಾಸಿಟ್ಟು ಊಟಕ್ಕೆ ಹೋದ ಹಾಗೆ. ಅತ್ತೆ ಆ ಎಳೆಗಳ ಒಳಗೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ತುಟಿ ಏನೋ ಗುಣುಗುಣು ಅನ್ನುತ್ತಿದ್ದವು. ಕೈ ಕೆಲಸ ಮಾಡುತ್ತಿದ್ದವು.

ಹರಿದು ಜೋತಾಡುತ್ತಿದ್ದ ಒಂದು ಎಳೆಯ ತುದಿ ಹಿಡಿಯುತ್ತಾಳೆ. ಹಣೆಯ ವಿಭೂತಿಗೆ ಬೆರಳು ಮುಟ್ಟಿಸುತ್ತಾಳೆ. ಸೆರಗಿನ ತುದಿಯಲ್ಲಿ ಇಳಿಬಿದ್ದ ದಶಿಯಿಂದ ಗೇಣುದ್ದದ ಒಂದು ಕೆಂಪು ಎಳೆ ಕಿತ್ತು, ಇತ್ತ ಒಂದು ತಿರುವು, ಅತ್ತ ಒಂದು ತಿರುವು. ಬಿಳಿಯ ನಡುವೆ ಕೆಂಪು ತುಣುಕು ಸೇರಿ ಎಳೆ ಮತ್ತೆ ಬಿಗಿಯಾಗುತ್ತದೆ. ಮುಂದಿನದು. ಆ ಸೀರೆ ಅವಳ ಮಗ್ಗದಿಂದ ಕೊನೆಯದಾಗಿ ಇಳಿದದ್ದು ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಅಲ್ಲ. ಅದು ಪವರ್‌ಲೂಮಿನ ಸೀರೆ, ಹಬ್ಬಕ್ಕೆ ನನ್ನ ಹೆಂಡತಿ ರಬಕವಿಯಲ್ಲಿ ತಂದದ್ದು.

ಪಕ್ಕದಲ್ಲಿ ಒಂದು ಬೋರ್ಡು ಇತ್ತು. ಓದಿದೆ. ‘ಹರಿದು ಮುಗಿಯುವುದು’ ಎಂದು ಕೃತಿಯ ಹೆಸರು. ಕೆಳಗೆ, ಈ ಎಳೆಗಳು ಬಿಸಿಲು ಗಾಳಿಗೆ ಒಂದೊಂದಾಗಿ ತಾವಾಗಿಯೇ ಹರಿಯುತ್ತವೆ, ಹರಿಯುವುದೇ ಈ ಕೃತಿ, ದಯವಿಟ್ಟು ಮುಟ್ಟಬೇಡಿ, ಎಂದು.

ಇಲ್ಲಿ ನನ್ನ ನೆನಪು ಒಂದು ಹೇಳುತ್ತದೆ, ಶಾಂತಾಬಾಯಿಯವರದ್ದು ಒಂದು. ನಾನು ಬೋರ್ಡು ಓದಿಯೂ ಸುಮ್ಮನೆ ನಿಂತೆ ಎಂದು ನನಗೆ ನೆನಪು. ಎರಡು ವರ್ಷದ ಮೇಲೆ ಅವಳ ಬೆರಳು ನೂಲು ಮುಟ್ಟಿವೆ, ಈಗ ಕೂಗಿದರೆ ಅಂಜಿ ಕೈ ಹಿಂದೆ ತೆಗೆದುಕೊಳ್ಳುತ್ತಾಳೆ, ಮತ್ತೆ ಎಂದೂ ಮುಂದೆ ಚಾಚುವುದಿಲ್ಲ, ಎಂದು ತಿಳಿದೇ ನಿಂತೆ. ಶಾಂತಾಬಾಯಿ ಹೇಳುವುದು ಬೇರೆ. ನಾನು ಬೋರ್ಡು ಓದಿದ ಕೂಡಲೇ “ಅತ್ತೀ, ಬಿಡ ಅದನ್ನ” ಎಂದು ಒದರಿದೆನಂತೆ, ಅವಳಿಗೆ ಕೇಳಲಿಲ್ಲವಂತೆ. ಕೈ ನಡುಗುತ್ತಿದ್ದವು ಎಂಬುದನ್ನೂ ಅವರು ಬಿಡುವುದಿಲ್ಲ. “ನಡಗತಿದ್ದುವೋ. ಎಳಿ ಹಿಡದಾಗೂ ನಡಗತಿದ್ದು. ನಡಗಕೋತನ ಕೆಚ್ಚಿದ್ಲು ಆಕಿ. ನೀ ಪವಾಡ ಮಾಡಬ್ಯಾಡ ಅದನ್ನ.”

ಒಂದು ಸಾಕ್ಷಿ ಇದೆ. ಆ ಹೊತ್ತಿನಲ್ಲಿ ನಾನು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿದ್ದೇನೆ. ಫೋಟೋ ಹೊಡೆಯುವಷ್ಟು ವ್ಯವಧಾನ ಇತ್ತು ಅಂದ ಮೇಲೆ ನಾನು ಒದರಿರಲಿಕ್ಕಿಲ್ಲ. ಅಥವಾ ಒದರಿ, ಆಮೇಲೆ ಹೊಡೆದೆನೋ.

ಅಷ್ಟರಲ್ಲಿ ಆಡು ಹೊಡೆಯಲು ಹೋಗಿದ್ದ ಸಿದ್ದಪ್ಪ ಬೇಲಿಯ ಕಡೆಯಿಂದ ಬಂದ. ದೂರದಿಂದಲೇ ಅವನ ಕೈಯ ಕೋಲು ಕೆಳಗೆ ಬಿತ್ತು. ಓಡಿ ಬಂದು, ಕೆಂಪು ತುಣುಕುಗಳನ್ನು ನೋಡಿ, ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡ.

“ಯಕ್ಕಾ, ಏನ ಮಾಡಿದ್ರಿ ಇದು? ಮೂರು ತಿಂಗಳಿಂದ ಕಾಯಾಕತ್ತೇನ್ರಿ ನಾ ಇದನ್ನ, ಯಾರೂ ಮುಟ್ಟದಂಗ, ತಮ್ಮಷ್ಟಕ್ಕ ತಾವ ಹರೀಲಿ ಅಂತ.”

ಅತ್ತೆ ತಿರುಗಿ ನೋಡಿದಳು. “ಹರೀಲಿ ಅಂತ ಕಾಯ್ತಾರೇನೋ ಹುಚ್ಚಾ?”

 ಸಿದ್ದಪ್ಪ ಹೇಳಿದ್ದರಲ್ಲಿ ನಮಗೆ ತಿಳಿದದ್ದು ಇಷ್ಟು. ಇದನ್ನು ಮಾಡಿದ ಕಲಾವಿದೆ ತಿಂಗಳಿಗೊಮ್ಮೆ ಬಂದು, ಎಷ್ಟು ಹರಿದಿವೆ ಎಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಇವತ್ತೇ ಬಂದಿದ್ದಾರೆ. ಆಫೀಸಿನಲ್ಲಿ ಊಟ ಮಾಡುತ್ತಿದ್ದಾರೆ. ಇನ್ನೇನು ಕ್ಯಾಮೆರಾ ಹಿಡಿದು ಬರುತ್ತಾರೆ.

ಗೇಟು ಎಷ್ಟು ದೂರ ಇದೆ ಎಂದು ನೋಡಿದೆ. ಕೃತಿ ಕೆಟ್ಟಿತು ಎಂದಲ್ಲ. ನಿಜ ಹೇಳಬೇಕೆಂದರೆ ಕೃತಿಯ ಬಗ್ಗೆ ನನಗೆ ಆಗ ಚಿಂತೆಯೇ ಇರಲಿಲ್ಲ. ಈಗ ಒಬ್ಬ ಓದಿದ ಹೆಣ್ಣುಮಗಳು ಬರುತ್ತಾಳೆ, ಹತ್ತು ಮಂದಿಯ ಎದುರು ಅತ್ತೆಯ ಕೈ ತೋರಿಸಿ, ಈ ಕೈ ಮಾಡಿದ್ದು ಹಾಳು ಎನ್ನುತ್ತಾಳೆ. ಅಷ್ಟು ಸಾಕು. ಆ ಕೈ ಮತ್ತೆ ಗೋಡೆಯ ಕಡೆ ತಿರುಗುತ್ತದೆ. ಕರೆದುಕೊಂಡು ಬಂದವನು ನಾನು. ಹೊರಡೋಣ ಬಾ ಎಂದು ಅತ್ತೆಯ ಮೊಣಕೈ ಹಿಡಿದೆ. ಅವಳು ಕೊಸರಿಕೊಂಡು, “ತಡಿ, ಇನ್ನೊಂದೈತಿ” ಎಂದಳು.

ಕಲಾವಿದೆ ಬಂದರು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಕೈಯಲ್ಲಿ ಕ್ಯಾಮೆರಾ. ಕೃತಿಯನ್ನು ನೋಡಿ ನಿಂತುಬಿಟ್ಟರು. ಮೈಸೂರು ಕಡೆಯ ಮೆತ್ತಗಿನ ಮಾತು.

“ಯಾರು ಕಟ್ಟಿದ್ದು ಇದನ್ನ?”

ನಾನು ಮುಂದೆ ಹೋಗಿ ಒಂದೇ ಉಸಿರಿಗೆ ಹೇಳಿದೆ. ನಮ್ಮ ಅತ್ತೆ, ನೇಕಾರರು, ಕಣ್ಣು ಸರಿಯಿಲ್ಲ, ಕನ್ನಡಕ ನನ್ನ ಹತ್ತಿರದ ಚೀಲದಲ್ಲಿ ಉಳಿದಿತ್ತು, ಬೋರ್ಡು ಓದಲು ಆಗಿಲ್ಲ, ತಪ್ಪಾಯಿತು. ಚೀಲ ಎತ್ತಿ ಅದರೊಳಗಿನ ಕನ್ನಡಕದ ಡಬ್ಬಿಯನ್ನು ತೋರಿಸಿದೆ.  ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಶಾಂತಾಬಾಯಿ, ನಾವೂ ಸುಶಿಕ್ಷಿತರೇ, ಬೇಕೆಂದು ಮಾಡಿದ್ದಲ್ಲ ಎಂದು ತಮ್ಮ ನಿವೃತ್ತಿಯ ವರ್ಷದಿಂದ ಶುರು ಮಾಡಿದರು.

ಆ ಹೆಂಗಸು ನಮ್ಮಿಬ್ಬರನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಎಳೆಗಳ ಹತ್ತಿರ ಹೋದರು. ಒಂದು ಕೆಂಪು ತುಣುಕಿನ ಮೇಲೆ ಬೆರಳು ಆಡಿಸಿದರು. ಹಿಂದಕ್ಕೆ, ಮುಂದಕ್ಕೆ. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಆಡಿಸಿದರು. ಬಿಳಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ನಾನೂ ಆಮೇಲೆ ಮುಟ್ಟಿ ನೋಡಿದ್ದೇನೆ.

“ಗಂಟೆಲ್ಲಿ?” ಎಂದರು.

“ಗಂಟು ಹಾಕಿದ್ರ ಅದು ಕೆಲಸೇನವಾ?” ಎಂದಳು ಅತ್ತೆ. ಅವಳ ದನಿ ನನಗೆ ಗುರುತು ಹತ್ತಲಿಲ್ಲ. ಹತ್ತು ವರ್ಷದ ಹಿಂದಿನ ದನಿ ಅದು, ಓಣಿಯ ಸೊಸೆಯಂದಿರಿಗೆ ಹಾಸು ಹೂಡುವುದನ್ನು ಹೇಳಿಕೊಡುವಾಗಿನದು. “ಇದನ್ನ ಹಾಸಿದವರ್ಯಾರು, ಮೊದಲ ಅದನ್ನ ಹೇಳು.”

“ನಾನೇ.”

“ನೀನೇನು. ನೂಲು?”

“ನೂಲು ರಬಕವಿಯಿಂದ ತಂದೆ.”

“ನೂಲು ಛಲೋ ಐತಿ. ಗಂಜಿ ಕುಡಿಸಿಲ್ಲ ನೀ ಇದಕ್ಕ. ಹಸೀ ನೂಲು ಬಿಸಲಾಗ ಹಿಂಗ ಜಗ್ಗಿ ಕಟ್ಟಿದ್ರ ಹರೀಲಾರದ ಏನ ಮಾಡತೈತಿ? ಮ್ಯಾಲ ಬಿಗಿ, ಕೆಳಗ ಸಡ್ಲ. ಸಾಲ್ಯಾಗ ಒಬ್ಬರಿಗೆ ಹೊಡದು ಒಬ್ಬರಿಗೆ ಬೆಲ್ಲ ಕೊಟ್ಟಂಗ ಆತು.”

ಶಾಂತಾಬಾಯಿ, ನಾನು ಯಾವತ್ತೂ ಹಾಗೆ ಮಾಡಿಲ್ಲ ಎಂದರು.

ಕಲಾವಿದೆ, ಅಮ್ಮಾ, ಅವು ಹರಿಯಲಿ ಅಂತಲೇ ಕಟ್ಟಿದ್ದು, ಎಂದರು. ಗದರಿಕೆ ಇರಲಿಲ್ಲ ಆ ಮಾತಿನಲ್ಲಿ. ಒಂದು ವಿಷಯ ತಿಳಿಸುವ ಹಾಗೆ ಹೇಳಿದರು. ಅತ್ತೆ ಆ ಚೌಕಟ್ಟಿನ ಈ ತುದಿಯಿಂದ ಆ ತುದಿಯ ತನಕ ಕಣ್ಣಾಡಿಸಿದಳು.  ಈಗ ಅವಳಿಗೆ ಗೊತ್ತಾಗುತ್ತದೆ, ಈಗ ಕೈ ಸೆರಗಿನೊಳಗೆ ಹೋಗುತ್ತವೆ, ಎಂದುಕೊಂಡೆ.

“ಇರಬಹುದು ತಂಗಿ,” ಎಂದಳು ಅತ್ತೆ. “ಹರಿಯೂದು ನೂಲಿನ ಗುಣ. ಅದಕ್ಕ ನೀ ಏನೂ ಮಾಡಬೇಕಾಗಿಲ್ಲ, ಅದು ಹರದ ಹರೀತೈತಿ. ಆದ್ರ ಹರದದ್ದು ಕಣ್ಣಿಗೆ ಬಿದ್ದ ಮ್ಯಾಲ ಕೈ ಕಟ್ಕೊಂಡು ಕುಂಡ್ರಾಕ ನನಗ ಬರಂಗಿಲ್ಲ. ಇಷ್ಟ ನೋಡು.”

ಆಗ ಆ ಹೆಂಗಸು ನಕ್ಕರು ಎಂದು ನಾನು ಹೇಳುತ್ತೇನೆ. ಕಣ್ಣೊರೆಸಿಕೊಂಡರು ಎಂದು ಶಾಂತಾಬಾಯಿ ಹೇಳುತ್ತಾರೆ. ಸಿದ್ದಪ್ಪನನ್ನು ಕೇಳಿದರೆ ಮೂರನೆಯದೊಂದು ಹೇಳುತ್ತಿದ್ದನೇನೋ. ಅವರು ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟದ್ದು ಮಾತ್ರ ಖರೆ, ಏಕೆಂದರೆ ಅದನ್ನು ಹಿಡಿದುಕೊಂಡು ಅವನು ಎಳೆಗೂಸು ಎತ್ತಿಕೊಂಡವನ ಹಾಗೆ ಮುಂದಿನ ಅರ್ಧ ತಾಸು ನಿಂತಿದ್ದ.

“ಒಂದು ಬಾಕಿ ಇದೆ ಅಂದಿರಲ್ಲ,” ಎಂದರು ಅವರು. “ನನಗೆ ಹೇಳಿಕೊಡ್ತೀರಾ?”

ಉಳಿದದ್ದು ಮೇಲಿನ ಸಾಲಿನ ಒಂದು ಎಳೆ. ಅತ್ತೆ ತಾನು ಮುಟ್ಟಲಿಲ್ಲ. ನೀನೇ ಕೆಚ್ಚು, ನಾನು ಹೇಳುತ್ತೇನೆ ಎಂದಳು. ಮೊದಲು ಬೆರಳಿಗೆ ಬೂದಿ ಬೇಕು, ಇಲ್ಲದಿದ್ದರೆ ಎಳೆ ಜಾರುತ್ತದೆ. ಬೂದಿ ಎಲ್ಲಿ ಎಂದು ಆ ಹೆಂಗಸು ಸುತ್ತ ನೋಡಿದರು. ಅತ್ತೆ ತನ್ನ ಹಣೆ ಮುಂದೆ ಬಾಗಿಸಿದಳು. ಅವರು ಒಂದು ಕ್ಷಣ ಅನುಮಾನಿಸಿ, ಎರಡು ಬೆರಳಿನಿಂದ ಆ ವಿಭೂತಿಯನ್ನು ಒರೆಸಿಕೊಂಡರು. ಅಷ್ಟು ಹೊತ್ತಿಗೆ ಹಣೆ ಬಹುತೇಕ ಖಾಲಿಯಾಗಿತ್ತು. ಶಾಂತಾಬಾಯಿ, “ದಿನಾ ಬೈತಿದ್ದೆ ಈಕಿಗೆ, ಸುಣ್ಣ ಬಳದಂಗ ಬಳ್ಕೋಬ್ಯಾಡ ಅಂತ. ಇವತ್ತ ಕೆಲಸಕ್ಕ ಬಂತ ನೋಡ” ಎಂದರು.

ಮೊದಲನೆಯ ಸಲ ಕೆಚ್ಚಿದ್ದು ಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಎರಡನೆಯದು ಉಗುರು ತಾಗಿ ಹರಿಯಿತು. ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅತ್ತೆ ಬೈಯಲಿಲ್ಲ. “ಜೋರ ಮಾಡಬ್ಯಾಡ. ಕೂಸಿನ ಕಿವ್ಯಾಗ ಹೆಸರ ಹೇಳ್ದಂಗ ತಿರುವು. ಗಟ್ಟಿ ಹೇಳಿದ್ರ ಎದ್ದ ಅಳತೈತಿ.” ನಾಲ್ಕನೆಯದೋ ಐದನೆಯದೋ ನಿಂತಿತು. ದಪ್ಪಗಿತ್ತು, ವಕ್ರವಾಗಿತ್ತು, ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿ, “ಮೊದಲನೇ ವರ್ಷಕ್ಕ ಆತು ಬಿಡು” ಎಂದಳು. ಸಿದ್ದಪ್ಪ ಕ್ಯಾಮೆರಾ ಬಗಲಿಗೆ ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ಹೋಗಿ, ನೆನಪಾಗಿ ನಿಲ್ಲಿಸಿದ.

ಆಫೀಸಿನಿಂದ ಚಹಾ ಬಂತು. ಕಪ್ಪು, ಬಶಿ. ನಾನು ಅತ್ತೆಗೆ ಬೇಡ ಎನ್ನುವಷ್ಟರಲ್ಲಿ ಅವಳು ತೆಗೆದುಕೊಂಡಿದ್ದಳು. ಹೊಸ್ತಿಲಿನ ಚೌಕಟ್ಟಿನ ಹತ್ತಿರದ ಕಲ್ಲಿನ ಮೇಲೆ ಎಲ್ಲರ ನಡುವೆ ಕೂತು ಕುಡಿದಳು. ಕಪ್ಪು ಬಶಿಯ ಮೇಲೆ ಕಟಕಟ ಎನ್ನುತ್ತಿತ್ತು. ಅರ್ಧ ಚಹಾ ಬಶಿಗೆ ಚೆಲ್ಲಿತು. ಬಶಿಯಲ್ಲಿದ್ದದ್ದನ್ನೂ ಕುಡಿದಳು. ಇಲ್ಲಿ ಮಾತ್ರ ನನ್ನ ನೆನಪೂ ಶಾಂತಾಬಾಯಿಯ ನೆನಪೂ ಒಂದೇ. ಕೈ ನಡುಗುತ್ತಿತ್ತು, ಯಾರೂ ನೋಡುತ್ತಿಲ್ಲ ಎಂಬ ಹಾಗೆ ಅವಳು ಕುಡಿದಳು, ನಾವೆಲ್ಲ ನೋಡುತ್ತಿದ್ದೆವು.

ಹೊರಡುವಾಗ ಕಲಾವಿದೆ ಗೇಟಿನ ತನಕ ಬಂದರು. ಆ ಕೆಂಪು ತುಣುಕುಗಳನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಗೊತ್ತಿಲ್ಲ, ಯೋಚನೆ ಮಾಡಬೇಕು, ಮೂರು ತಿಂಗಳ ಕೆಲಸ ಎಂದರು. ಬಹಳ ಪ್ರಾಮಾಣಿಕವಾಗಿ ಹೇಳಿದರು. ಅತ್ತೆ ಅವರ ಗದ್ದ ಹಿಡಿದು, ಮುಂದಿನ ಸಲ ಗಂಜಿ ಮರೆಯಬೇಡ ಎಂದಳು.

ಬಸ್ಸಿನಲ್ಲಿ ಬರುವಾಗ ಇಬ್ಬರು ಮುದುಕಿಯರೂ ಆ ಕಪ್ಪು ಚಿತ್ರದ ಬಗ್ಗೆ ಜಗಳವಾಡಿದರು. ಒಬ್ಬಳು ನೋಡಿರಲೇ ಇಲ್ಲ, ಆದರೂ ಆಡಿದರು. ಅತ್ತೆಯ ಸೆರಗಿನ ದಶಿ ಮುಕ್ಕಾಲು ಖಾಲಿಯಾಗಿತ್ತು. ಎಷ್ಟು ಎಳೆ ಕೆಚ್ಚಿದೆ ಎಂದು ಕೇಳಿದೆ. ಎಣಿಸುತ್ತ ಕೂತರೆ ಕೆಲಸ ಸಾಗುತ್ತದೆಯೇ ಎಂದಳು.

ಆಮೇಲೆ ಅತ್ತೆಯ ಕೈ ವಾಸಿಯಾಯಿತು ಎಂದು ಯಾರೂ ತಿಳಿಯಬಾರದು. ಇವತ್ತಿಗೂ ನಡುಗುತ್ತದೆ, ಗುಳಿಗೆ ನಡೆದಿದೆ. ಆದರೆ ಮರುವಾರ ಪಕ್ಕದ ಶೆಡ್ಡಿನಲ್ಲಿ ಕೆಚ್ಚುವ ಹೆಣ್ಣುಮಗಳು ತೇರದಾಳದ ತವರಿಗೆ ಹೋದಾಗ, ಅತ್ತೆ ತಾನೇ ಹೋಗಿ ಹಾಸಿನ ಮುಂದೆ ಕೂತಳು. ಮೊದಲು ಒಂದೇ ಮುಂಜಾನೆಯಲ್ಲಿ ಮುಗಿಸುತ್ತಿದ್ದುದಕ್ಕೆ ಎರಡು ದಿನ ಹಿಡಿಯಿತು. ಶೆಡ್ಡಿನವರು ಕಾದರು. ಈಗ ತಿಂಗಳಲ್ಲಿ ಒಂದೆರಡು ಸಲ ಕರೆ ಬರುತ್ತದೆ. ಕಿಟಕಿ ತೆಗೆದೇ ಇರುತ್ತದೆ. ಫ್ರಿಜ್ ಮಾತ್ರ ಅಲ್ಲೇ ಇದೆ.

ನಾವು ಮತ್ತೆ ಆ ತೋಟಕ್ಕೆ ಹೋಗಿಲ್ಲ. ಹೋಗಿ ಬಂದ ಒಬ್ಬರು ಅಲ್ಲಿ ಕೆಂಪು ಬಿಳಿ ಎಳೆಗಳ ಏನೋ ಒಂದು ಇದೆ ಎಂದರು. ಇನ್ನೊಬ್ಬರು, ಎರಡು ಖಾಲಿ ಕಬ್ಬಿಣದ ಚೌಕಟ್ಟು ನೋಡಿದೆವು ಎಂದರು. ಇಬ್ಬರೂ ಬೇರೆ ಬೇರೆ ತಿಂಗಳು ಹೋದವರು. ಇಬ್ಬರ ಮಾತೂ ಖರೆ ಇರಬಹುದು.

ಇದನ್ನು ಬರೆಯಲು ಕೂತಾಗ, ಗಾಳಿ ಇತ್ತೋ ಇಲ್ಲವೋ ನೋಡೋಣ ಎಂದು ಆ ಫೋಟೋ ತೆಗೆದು ದೊಡ್ಡದು ಮಾಡಿದೆ. ಎಳೆ ನೋಡಿ ಗಾಳಿ ಗೊತ್ತಾಗಲಿಲ್ಲ. ಕೈ ಮಸುಕಾಗಿದೆ. ಅದು ನಡುಗಿದ್ದಕ್ಕೋ, ಕೆಲಸದ ವೇಗಕ್ಕೋ, ನನ್ನ ಮೊಬೈಲು ಅಲುಗಿದ್ದಕ್ಕೋ. ಮುಖ ಮಾತ್ರ ಸ್ಪಷ್ಟವಾಗಿದೆ. ಅತ್ತೆಯ ಮೂಗಿನ ಮೇಲೆ ಕನ್ನಡಕ ಇದೆ.

ಇರಲೇಬೇಕಲ್ಲ. ಕನ್ನಡಕ ಇಲ್ಲದೆ ಅಷ್ಟು ಸಣ್ಣ ಎಳೆ ಕಾಣುವುದಾದರೂ ಹೇಗೆ? ಚೀಲದಲ್ಲಿ ನಾನು ಎತ್ತಿ ತೋರಿಸಿದ ಡಬ್ಬಿ ಖಾಲಿ ಇದ್ದಿರಬೇಕು. ಅವತ್ತು ತೆರೆದು ನೋಡಿರಲಿಲ್ಲ. ಕಲಾವಿದೆ ಬಂದಾಗ ಅವಳ ಮುಖದ ಮೇಲೆ ಕನ್ನಡಕ ಇರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ನಡುವೆ ಯಾವಾಗಲೋ ತೆಗೆದು ಸೊಂಟಕ್ಕೆ ಸಿಕ್ಕಿಸಿರಬೇಕು. ಕೊನೆಯ ಎಳೆಯನ್ನು ತಾನು ಮುಟ್ಟದೆ ಬರೀ ಬಾಯಲ್ಲಿ ಹೇಳಿಕೊಟ್ಟದ್ದು ಅದಕ್ಕೇ ಇರಬಹುದು. ಫೋಟೋದಲ್ಲಿ ಬೋರ್ಡು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ. ಕನ್ನಡದ ಅಕ್ಷರಗಳು ದೊಡ್ಡವೇ ಇವೆ. ನಾಲ್ಕನೇ ಇಯತ್ತೆ ಓದಿದವರಿಗೆ ಸಾಕು.

ಕೇಳಬಹುದು. ಅವಳು ಈಗ ಪಕ್ಕದ ಶೆಡ್ಡಿನಲ್ಲೇ ಇದ್ದಾಳೆ. ಅವತ್ತು ನಾನು ಅವಳ ಪರವಾಗಿ ಹೇಳಿದ ಸುಳ್ಳನ್ನು ಅವಳು ಸುಮ್ಮನೆ ನಿಂತು ಕೇಳಿಸಿಕೊಂಡಳು, ನಾನೂ ಇಲ್ಲಿಯ ತನಕ ಸುಮ್ಮನಿದ್ದೇನೆ. ಆ ಬೋರ್ಡು ಓದದೆ ಕೆಚ್ಚಿದಳೋ, ಓದಿಯೂ ಕೆಚ್ಚಿದಳೋ, ನನಗೆ ಗೊತ್ತಿಲ್ಲ.